ಫುಕುಶಿಮಾದ ಜನ ಹೆದರಿದ್ದು ವಿಕಿರಣಕ್ಕೆ ಮಾತ್ರವೇ?

ಜಪಾನಿನ ಫುಕುಶಿಮಾ ಅಣುಸ್ಥಾವರ ಸುನಾಮಿಗೆ ಸಿಕ್ಕಿ ಹನ್ನೆರಡು ದಿನಗಳಾಗಿದ್ದ 2011ರ ಮಾರ್ಚ್ 23ರಂದು ಟೋಕಿಯೊ ಮಹಾನಗರ ಸರ್ಕಾರವು ಒಂದು ಪ್ರಕಟಣೆ ಹೊರಡಿಸಿತು. ಕನಾಮಾಚಿ ಶುದ್ಧೀಕರಣ ಘಟಕದ ನೀರಿನಲ್ಲಿ ವಿಕಿರಣಶೀಲತೆಯ ಅಳತೆಯಲ್ಲಿ ಪ್ರತಿ ಕಿಲೋಗ್ರಾಮಿಗೆ 210 ಬೆಕೆರೆಲ್‌ನಷ್ಟು ವಿಕಿರಣಶೀಲ ಅಯೋಡಿನ್ ಕಂಡುಬಂದಿದೆ, ಶಿಶುಗಳಿಗೆ ನಿಗದಿಯಾದ ಮಿತಿ 100 ಬೆಕೆರೆಲ್ ಆಗಿರುವುದರಿಂದ ಹಸುಗೂಸುಗಳಿಗೆ ಈ ನೀರನ್ನು ಕೊಡಬಾರದು, ದೊಡ್ಡವರು ಕುಡಿಯಲು ಅಡ್ಡಿಯಿಲ್ಲ ಎಂಬುದು ಅದರ ಸಾರಾಂಶ. ಕೆಲವೇ ಗಂಟೆಗಳಲ್ಲಿ ನಗರದ ಅಂಗಡಿಗಳಲ್ಲಿ ಬಾಟಲಿ ನೀರು ಮುಗಿದುಹೋಯಿತು. ಮರುದಿನ ಅಯೋಡಿನ್ ಪ್ರಮಾಣ ಮಿತಿಗಿಂತ ಕೆಳಗಿಳಿಯಿತು. ಸರ್ಕಾರವು ಸುಮಾರು 80,000 ಶಿಶುಗಳಿಗೆ ತಲಾ ಮೂರು ಬಾಟಲಿಯಂತೆ ನೀರು ಹಂಚಿತು. ಆದರೂ ತಾಯಂದಿರು ವಾರಗಟ್ಟಲೆ ನಲ್ಲಿಯ ನೀರನ್ನು ನಂಬಲಿಲ್ಲ.

ಅದೇ ದಿನಗಳಲ್ಲಿ ಜಗತ್ತಿನ ಪತ್ರಿಕೆಗಳು ಜಪಾನೀಯರ ಸಂಯಮವನ್ನು ಕೊಂಡಾಡುತ್ತಿದ್ದವು. ಮಾರ್ಚ್ 11ರ ಮಧ್ಯಾಹ್ನ 9.0 ಪ್ರಮಾಣದ ಭೂಕಂಪ ಸಂಭವಿಸಿ, ಸುನಾಮಿ ಊರೂರನ್ನೇ ಅಳಿಸಿಹಾಕಿದ ಮೇಲೂ ಜನ ಸರದಿಯಲ್ಲಿ ನಿಂತು ಅನ್ನದುಂಡೆ ಪಡೆಯುತ್ತಿದ್ದ ಚಿತ್ರಗಳು ಎಲ್ಲೆಡೆ ಅಚ್ಚಾದವು. ಹಾಗಾದರೆ ಇಷ್ಟು ಸಂಯಮದ ಜನ ಅಣುಸ್ಥಾವರದ ವಿಷಯ ಬಂದಾಗ ಏಕೆ ದಿಗಿಲುಬಿದ್ದರು? ಸಾಮಾನ್ಯರಿಗೆ ವಿಕಿರಣದ ಲೆಕ್ಕ ಅರ್ಥವಾಗುವುದಿಲ್ಲ, ಕಣ್ಣಿಗೆ ಕಾಣದ್ದಕ್ಕೆ ಮನುಷ್ಯ ಹೆಚ್ಚು ಹೆದರುತ್ತಾನೆ ಎಂಬ ಉತ್ತರವನ್ನು ಆಗಿನಿಂದಲೂ ಕೇಳುತ್ತ ಬಂದಿದ್ದೇನೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಆ ವರ್ಷದ ಘಟನೆಗಳನ್ನು ದಿನಾಂಕದೊಡನೆ ಜೋಡಿಸಿ ನೋಡಿದಷ್ಟೂ ಜನರ ಭಯಕ್ಕೆ ವಿಕಿರಣಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಮಾತನಾಡುತ್ತಿದ್ದವರು ಕಾರಣರಾಗಿದ್ದರು ಎಂದೇ ನನಗೆ ತೋರುತ್ತದೆ.

ಫುಕುಶಿಮಾ ದೈಯಿಚಿ ಸ್ಥಾವರದಲ್ಲಿದ್ದ ಆರು ರಿಯಾಕ್ಟರುಗಳ ಪೈಕಿ ಭೂಕಂಪದ ಹೊತ್ತಿಗೆ ಮೂರು ಕೆಲಸ ಮಾಡುತ್ತಿದ್ದವು. ನೆಲ ನಡುಗಿದ ಕೂಡಲೇ ಅವು ತಾವಾಗಿಯೇ ನಿಂತವು. ಆದರೆ ನಿಂತ ಮೇಲೂ ಇಂಧನದಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ, ಅದನ್ನು ತಣಿಸಲು ನೀರು ಹರಿಯುತ್ತಿರಬೇಕು, ನೀರು ಹರಿಸಲು ವಿದ್ಯುತ್ ಬೇಕು. ಹೊರಗಿನ ವಿದ್ಯುತ್ ಭೂಕಂಪದಿಂದ ಕಡಿದುಹೋಯಿತು. ಸುಮಾರು ಮುಕ್ಕಾಲು ಗಂಟೆಯ ಬಳಿಕ ಬಂದ 14 ಮೀಟರಿಗೂ ಎತ್ತರದ ಅಲೆ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಸ್ಥಾವರವನ್ನು ಸುಮಾರು 5.7 ಮೀಟರ್ ಎತ್ತರದ ಸುನಾಮಿಯನ್ನಷ್ಟೇ ಎಣಿಸಿ ಸಿದ್ಧಗೊಳಿಸಲಾಗಿತ್ತು. 12ರಂದು ಒಂದನೆಯ ಘಟಕದ ಕಟ್ಟಡ, 14ರಂದು ಮೂರನೆಯದು ಜಲಜನಕದಿಂದ ಸ್ಫೋಟಗೊಂಡವು. 15ರಂದು ನಾಲ್ಕನೆಯದರಲ್ಲೂ ಸ್ಫೋಟವಾಯಿತು. ಮೊದಲೆರಡು ಸ್ಫೋಟಗಳನ್ನು ಜನ ದೂರದರ್ಶನದಲ್ಲಿ ಕಂಡರು. ಅವರಿಗೆ ಸಿಕ್ಕ ವಿವರಣೆಯಾದರೋ ಸಂಪುಟದ ಮುಖ್ಯ ಕಾರ್ಯದರ್ಶಿ ಯುಕಿಯೊ ಎದಾನೊ ನೀಲಿ ಕೆಲಸದಂಗಿ ತೊಟ್ಟು ಮತ್ತೆ ಮತ್ತೆ ಹೇಳಿದ ಮಾತು: ಆರೋಗ್ಯದ ಮೇಲೆ ತಕ್ಷಣಕ್ಕೆ ಯಾವ ಪರಿಣಾಮವೂ ಇಲ್ಲ. ಕೈಯಲ್ಲಿ ಮಗುವಿರುವ ತಾಯಿಗೆ ತಕ್ಷಣದ ಪರಿಣಾಮಕ್ಕಿಂತ ಹತ್ತು ವರ್ಷದ ನಂತರದ ಪರಿಣಾಮವೇ ಮುಖ್ಯ. ಆ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

ಇಂಧನ ಕರಗಿರಬಹುದೆಂದು ಮಾರ್ಚ್ 12ರಂದೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಸರ್ಕಾರದ ಅಣುಸುರಕ್ಷತಾ ಸಂಸ್ಥೆಯ ವಕ್ತಾರರನ್ನು ಆ ಕೆಲಸದಿಂದ ಬದಲಾಯಿಸಲಾಯಿತು. ಸ್ಥಾವರದ ಒಡೆತನ ಹೊಂದಿದ್ದ ಟೆಪ್ಕೊ ಕಂಪನಿಯು ಇಂಧನ ಕರಗಿದ್ದನ್ನು ಒಪ್ಪಿಕೊಂಡದ್ದು ಮೇ ತಿಂಗಳಿನಲ್ಲಿ. ‘ಇಂಧನ ಕರಗುವಿಕೆ’ ಎಂಬ ಪದವನ್ನು ಬಳಸಕೂಡದೆಂದು ಅಂದಿನ ಅಧ್ಯಕ್ಷರೇ ಸೂಚಿಸಿದ್ದರು ಎಂಬುದು ಹೊರಬಿದ್ದದ್ದು 2016ರಲ್ಲಿ. ಅಪಘಾತದ ತೀವ್ರತೆಯನ್ನು ಮೊದಲು ನಾಲ್ಕನೆಯ ಮಟ್ಟದ್ದೆಂದು, ಮಾರ್ಚ್ 18ರಂದು ಐದನೆಯದೆಂದು ಪ್ರಕಟಿಸಿ, ಏಪ್ರಿಲ್ 12ರಂದು ಚೆರ್ನೋಬಿಲ್‌ಗೆ ಸಮನಾದ ಏಳಕ್ಕೆ ಏರಿಸಿದರು. ಒಂದೊಂದು ಬಾರಿ ಅಧಿಕೃತ ಮಾತು ಬದಲಾದಾಗಲೂ, ಅದಕ್ಕಿಂತ ಮೊದಲೇ ಕೆಟ್ಟದ್ದನ್ನು ಊಹಿಸಿದ್ದವರು ಸರಿಯೆಂದು ಸಾಬೀತಾಗುತ್ತಿದ್ದರು. ಹೀಗಿರುವಾಗ ಗಾಳಿಸುದ್ದಿಯನ್ನು ನಂಬಬೇಡಿ ಎಂದು ಜನರಿಗೆ ಬುದ್ಧಿ ಹೇಳಲು ಯಾರಿಗೆ ಬಾಯಿ ಉಳಿದಿತ್ತು?

ಇದರ ಅತ್ಯಂತ ಕಹಿಯಾದ ಅಧ್ಯಾಯ ನಾಮಿಯೆ ಪಟ್ಟಣದ್ದು. ಅಲ್ಲಿನ ಜನ ಸ್ಥಾವರದಿಂದ ದೂರ ಹೋಗಬೇಕೆಂದು ವಾಯವ್ಯಕ್ಕಿರುವ ತ್ಸುಶಿಮಾ ಎಂಬ ಗುಡ್ಡಗಾಡಿನ ಪ್ರದೇಶಕ್ಕೆ ತೆರಳಿ ಅಲ್ಲಿಯೇ ಕೆಲವು ದಿನ ಉಳಿದರು. ಗಾಳಿ ವಿಕಿರಣವನ್ನು ಹೊತ್ತು ಸಾಗಿದ್ದೂ ಅದೇ ದಿಕ್ಕಿಗೆ, ಮಳೆ ಮತ್ತು ಹಿಮದೊಡನೆ ಅದು ನೆಲಕ್ಕಿಳಿದದ್ದೂ ಅಲ್ಲಿಯೇ. ಗಾಳಿ ಯಾವ ಕಡೆಗೆ ಬೀಸಿದರೆ ವಿಕಿರಣ ಎಲ್ಲಿಗೆ ಹೋದೀತೆಂದು ಲೆಕ್ಕ ಹಾಕುವ ಸ್ಪೀಡಿ ಎಂಬ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಬಳಿಯಿತ್ತು. ಅದರ ಲೆಕ್ಕಾಚಾರಗಳನ್ನು ಮಾರ್ಚ್ 14ರಂದೇ ಅಮೆರಿಕದ ಸೇನೆಗೆ ಒದಗಿಸಲಾಗಿತ್ತು. ಸ್ವಂತ ಪ್ರಜೆಗಳಿಗೆ ಅದರ ಮೊದಲ ನಕ್ಷೆಯನ್ನು ತೋರಿಸಿದ್ದು 23ರಂದು. ಸ್ಥಾವರದಿಂದ ಎಷ್ಟು ವಿಕಿರಣ ಹೊರಬೀಳುತ್ತಿದೆಯೆಂಬ ಅಂಕಿ ಇಲ್ಲದಿದ್ದುದರಿಂದ ಆ ನಕ್ಷೆ ವಿಶ್ವಾಸಾರ್ಹವಾಗಿರಲಿಲ್ಲ ಎಂದು ಅಧಿಕಾರಿಗಳು ಸಮಜಾಯಿಷಿ ಕೊಟ್ಟರು. ತಾಂತ್ರಿಕವಾಗಿ ಅದು ಸುಳ್ಳಲ್ಲ. ಆದರೆ ಓಡುತ್ತಿರುವವನಿಗೆ ದಿಕ್ಕು ಗೊತ್ತಾಗಿದ್ದರೂ ಸಾಕಿತ್ತು. ಸ್ಥಾವರದಿಂದ 30 ಕಿಲೋಮೀಟರಿಗೂ ಆಚೆಗಿದ್ದ, ಬೇರೆ ಊರಿನ ನಿರಾಶ್ರಿತರಿಗೆ ಆಸರೆ ಕೊಟ್ಟಿದ್ದ ಇಇತಾತೆ ಎಂಬ ಹಳ್ಳಿಯ ಜನರಿಗೆ ನೀವೂ ಊರು ಬಿಡಬೇಕೆಂಬ ಆದೇಶ ಬಂದಾಗ ಒಂದು ತಿಂಗಳಿಗಿಂತ ಹೆಚ್ಚು ಕಾಲ ಕಳೆದಿತ್ತು.

ಶಾಲೆಗಳ ವಿಚಾರದಲ್ಲಿಯೂ ಹೀಗೆಯೇ ಆಯಿತು. ಏಪ್ರಿಲ್ ತಿಂಗಳಿನಲ್ಲಿ ಶಿಕ್ಷಣ ಸಚಿವಾಲಯವು ಫುಕುಶಿಮಾದ ಶಾಲಾ ಮೈದಾನಗಳ ಬಳಕೆಗೆ ಮೈಗೆ ತಗಲುವ ವಿಕಿರಣ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದೆಂಬ ಅಳತೆಯನ್ನು ಮುಂದಿಟ್ಟಿತು. ಸಾರ್ವಜನಿಕರಿಗೆ ಮೊದಲಿದ್ದ ಮಿತಿ 1 ಮಿಲಿಸೀವರ್ಟ್. ಪ್ರಧಾನಿ ನಾವೊತೊ ಕಾನ್ ಅವರ ಸಲಹೆಗಾರರಾಗಿದ್ದ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೊಶಿಸೊ ಕೊಸಾಕೊ ಇದನ್ನು ಮಕ್ಕಳಿಗೆ ಅನ್ವಯಿಸುವುದನ್ನು ತಮ್ಮಿಂದ ಒಪ್ಪಲಾಗದೆಂದು ಪತ್ರಿಕಾಗೋಷ್ಠಿಯಲ್ಲಿ ಕಣ್ಣೀರಿಟ್ಟು ರಾಜೀನಾಮೆ ನೀಡಿದರು. ಅವರು ಅಣುಶಕ್ತಿಯ ವಿರೋಧಿಯಾಗಿರಲಿಲ್ಲ, ವಿಕಿರಣ ಸುರಕ್ಷತೆಯ ತಜ್ಞರಾಗಿದ್ದರು. ಆದ್ದರಿಂದಲೇ ಆ ಕಣ್ಣೀರು ನೂರು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿತು. ಕೊರಿಯಾಮಾ ನಗರಾಡಳಿತವಂತೂ ಕೇಂದ್ರದ ಅಪ್ಪಣೆಗೆ ಕಾಯದೆ ಶಾಲಾ ಮೈದಾನಗಳ ಮೇಲ್ಮಣ್ಣನ್ನು ತೆಗೆಸಲು ಆರಂಭಿಸಿತು. ಮೇ ತಿಂಗಳ ಕೊನೆಯಲ್ಲಿ ನೂರಾರು ಪೋಷಕರು ಟೋಕಿಯೊಗೆ ಬಂದು ಸಚಿವಾಲಯದ ಮುಂದೆ ನೆರೆದರು. ಕೆಲವೇ ದಿನಗಳಲ್ಲಿ ಸಚಿವಾಲಯವು ಶಾಲೆಯಲ್ಲಿ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳುವುದೇ ಗುರಿಯೆಂದು ಹೇಳಿತು.

ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವುದು ಇದಾದ ಮೇಲೆ ಜನ ಮಾಡಿದ ಕೆಲಸ. ಅವರು ತಾವೇ ಅಳೆಯತೊಡಗಿದರು. ಸೇಫ್‌ಕಾಸ್ಟ್ ಎಂಬ ಸ್ವಯಂಸೇವಕರ ಗುಂಪು ಗೈಗರ್ ಕೌಂಟರುಗಳನ್ನು ಕಾರಿಗೆ ಕಟ್ಟಿಕೊಂಡು ರಸ್ತೆರಸ್ತೆಯ ವಿಕಿರಣವನ್ನು ದಾಖಲಿಸಿ ಎಲ್ಲರಿಗೂ ತೆರೆದಿಟ್ಟಿತು. ಇವಾಕಿ ನಗರದಲ್ಲಿ ತಾಯಂದಿರು ಸೇರಿ ತಾರಾಚಿನೆ ಎಂಬ ಪ್ರಯೋಗಾಲಯವನ್ನೇ ಕಟ್ಟಿ, ಅಕ್ಕಿ, ತರಕಾರಿ, ಮಣ್ಣನ್ನು ಪರೀಕ್ಷಿಸಲು ಕಲಿತರು. ಟೋಕಿಯೊದ ಸೆತಗಾಯಾದಲ್ಲಿ ಅಕ್ಟೋಬರ್ ತಿಂಗಳಿನಲ್ಲಿ ಒಂದು ಕಾಲುದಾರಿಯ ಬದಿಯಲ್ಲಿ ವಿಪರೀತ ವಿಕಿರಣ ಪತ್ತೆಯಾಗಿ ದೊಡ್ಡ ಗದ್ದಲವಾಯಿತು. ಹುಡುಕಿದರೆ ಪಕ್ಕದ ಹಳೆಯ ಮನೆಯ ನೆಲದಡಿಯಲ್ಲಿ ರೇಡಿಯಂ ತುಂಬಿದ ಬಾಟಲಿಗಳು ಸಿಕ್ಕವು. ಫುಕುಶಿಮಾಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಜನರ ಅತಿಭಯಕ್ಕೆ ಇದು ಉದಾಹರಣೆಯೆಂದು ನಕ್ಕವರಿದ್ದಾರೆ. ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ರೇಡಿಯಂ ಹೊರಬಂದದ್ದು ಆ ಭಯದಿಂದಲೇ ಎಂಬುದನ್ನು ಅವರು ಮರೆಯುತ್ತಾರೆ.

ಅಕ್ಕಿಯ ಕತೆಯೂ ಇದೇ ದಾರಿಯದು. 2011ರ ಅಕ್ಟೋಬರಿನಲ್ಲಿ ಫುಕುಶಿಮಾದ ರಾಜ್ಯಪಾಲರು ತಮ್ಮ ಪ್ರಾಂತದ ಹೊಸ ಅಕ್ಕಿ ಸುರಕ್ಷಿತವೆಂದು ಘೋಷಿಸಿದರು. ನವೆಂಬರಿನಲ್ಲಿ ಓನಾಮಿ ಎಂಬಲ್ಲಿನ ಅಕ್ಕಿಯಲ್ಲಿ ಕಿಲೋಗ್ರಾಮಿಗೆ 630 ಬೆಕೆರೆಲ್ ವಿಕಿರಣಶೀಲ ಸೀಸಿಯಂ ಪತ್ತೆಯಾಯಿತು. ಆಗ ಇದ್ದ ಮಿತಿಯೇ 500. ಮಾದರಿ ಪರೀಕ್ಷೆಯ ಮಾತನ್ನು ಇನ್ನು ಯಾರೂ ಕೇಳುವುದಿಲ್ಲವೆಂದು ಅರಿತ ಪ್ರಾಂತಾಡಳಿತವು 2012ರ ಬೆಳೆಯಿಂದ ಪ್ರತಿಯೊಂದು ಚೀಲವನ್ನೂ, ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲಗಳನ್ನು, ಯಂತ್ರದ ಮೇಲೆ ಹಾಯಿಸಿತು. ಅಷ್ಟರಲ್ಲಿ ಮಿತಿಯನ್ನು 100ಕ್ಕೆ ಇಳಿಸಲಾಗಿತ್ತು. 2015ರ ಬೆಳೆಯಿಂದೀಚೆಗೆ ಒಂದೂ ಚೀಲ ಆ ಮಿತಿಯನ್ನು ಮೀರಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಇಷ್ಟು ಪರೀಕ್ಷೆ ಅನಗತ್ಯವಾಗಿದ್ದಿರಬಹುದು, ಆದರೆ ಒಂದು ಅವಸರದ ಘೋಷಣೆಗೆ ತೆತ್ತ ದಂಡ ಅದು.

ಭಯ ಎಲ್ಲ ಕಡೆಯೂ ಹೀಗೆ ವಿವೇಕದಿಂದ ವರ್ತಿಸಿತು ಎಂದು ನಾನು ಹೇಳುತ್ತಿಲ್ಲ. ಚೀನಾದಲ್ಲಿ ಅಯೋಡಿನ್ ಬೆರೆಸಿದ ಉಪ್ಪು ವಿಕಿರಣದಿಂದ ಕಾಪಾಡುತ್ತದೆಂಬ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಉಪ್ಪು ಬರಿದಾಯಿತು. ಕಾಪಾಡಲು ಬೇಕಾದಷ್ಟು ಅಯೋಡಿನ್ ಉಪ್ಪಿನಿಂದ ಸಿಗಬೇಕಾದರೆ ಕಿಲೋಗಟ್ಟಲೆ ತಿನ್ನಬೇಕಾಗುತ್ತದೆ. ಜಪಾನಿನೊಳಗೆ ನಡೆದದ್ದು ಇದಕ್ಕಿಂತ ಕ್ರೂರ. ಫುಕುಶಿಮಾದಿಂದ ಬಂದವರನ್ನು ಹೋಟೆಲುಗಳು ಒಳಗೆ ಬಿಟ್ಟುಕೊಳ್ಳದ, ಅಲ್ಲಿನ ಹೆಣ್ಣುಮಕ್ಕಳಿಗೆ ಮದುವೆಯಾಗುವುದೇ ಕಷ್ಟವೆಂದು ಆಡಿಕೊಂಡ ಪ್ರಸಂಗಗಳು ವರದಿಯಾದವು. ಯೊಕೊಹಾಮಾಕ್ಕೆ ವಲಸೆ ಬಂದ ಒಬ್ಬ ಬಾಲಕನನ್ನು ಸಹಪಾಠಿಗಳು ರೋಗಾಣು ಎಂದು ಕರೆದು ಹಿಂಸಿಸಿದ ಸಂಗತಿ 2016ರಲ್ಲಿ ಬಯಲಾಗಿ ದೇಶವೇ ತಲೆತಗ್ಗಿಸಿತು. ಅವಸರದ ಸ್ಥಳಾಂತರವೂ ಜೀವಗಳನ್ನು ತೆಗೆಯಿತು: ಓಕುಮಾದ ಫುತಾಬಾ ಆಸ್ಪತ್ರೆಯ ಮತ್ತು ಅದಕ್ಕೆ ಸೇರಿದ ವೃದ್ಧಾಶ್ರಮದ ಹಾಸಿಗೆ ಹಿಡಿದ ರೋಗಿಗಳನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಸಾಗಿಸಿದಾಗ 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸ್ಥಳಾಂತರದ ಬವಣೆ ಮತ್ತು ನಂತರದ ಬದುಕಿನ ಒತ್ತಡಗಳಿಂದ ಸತ್ತವರೆಂದು ಫುಕುಶಿಮಾದಲ್ಲಿ ಗುರುತಿಸಲಾದವರ ಸಂಖ್ಯೆ 2,300ನ್ನು ಮೀರಿದೆ. ಆ ಪ್ರಾಂತದಲ್ಲಿ ಭೂಕಂಪ ಮತ್ತು ಸುನಾಮಿಗೆ ನೇರವಾಗಿ ಬಲಿಯಾದವರಿಗಿಂತ ಇದು ಹೆಚ್ಚು. ಇತ್ತ, ವಿಕಿರಣದಿಂದಲೇ ಆಯಿತೆಂದು ನೇರವಾಗಿ ಹೇಳಬಹುದಾದ ಆರೋಗ್ಯ ಹಾನಿ ಅಲ್ಲಿನ ನಿವಾಸಿಗಳಲ್ಲಿ ದಾಖಲಾಗಿಲ್ಲ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ವರದಿ ಮಾಡಿದೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ನೋಡಿ, ಕೊಂದದ್ದು ಭಯವೇ ಎನ್ನುವವರಿದ್ದಾರೆ. ಆಸ್ಪತ್ರೆಯ ರೋಗಿಗಳನ್ನು ಹೊರಡಿಸುವ ಯೋಜನೆಯೇ ಸಿದ್ಧವಿರಲಿಲ್ಲ ಎಂಬುದನ್ನು ಆ ವಾದ ಸದ್ದಿಲ್ಲದೆ ದಾಟಿಬಿಡುತ್ತದೆ. ಅಂಥ ಅಪಘಾತ ಆಗುವುದೇ ಇಲ್ಲವೆಂದು ನಂಬಿದ್ದವರು ಯೋಜನೆಯನ್ನಾದರೂ ಏಕೆ ಮಾಡಿಯಾರು? ಕಿಯೊಶಿ ಕುರೊಕಾವಾ ನೇತೃತ್ವದ ಸಂಸದೀಯ ತನಿಖಾ ಆಯೋಗವು 2012ರಲ್ಲಿ ಇದನ್ನು ಮನುಷ್ಯನಿರ್ಮಿತ ದುರಂತವೆಂದು ಕರೆದದ್ದು ಸುಮ್ಮನೆ ಅಲ್ಲ.

ಜರ್ಮನಿಯ ಪ್ರತಿಕ್ರಿಯೆಯನ್ನು ಎಲ್ಲರೂ ಬಲ್ಲರು. ಸ್ಥಾವರಗಳ ಆಯುಸ್ಸನ್ನು ಆಗಷ್ಟೇ ವಿಸ್ತರಿಸಿದ್ದ ಮರ್ಕೆಲ್ ಸರ್ಕಾರ ಕೆಲವೇ ದಿನಗಳಲ್ಲಿ ಹಳೆಯ ರಿಯಾಕ್ಟರುಗಳನ್ನು ನಿಲ್ಲಿಸಿತು, ಕೊನೆಯವು 2023ರ ಏಪ್ರಿಲ್‌ನಲ್ಲಿ ಮುಚ್ಚಿದವು. ಆ ವಿರೋಧಕ್ಕೆ ದಶಕಗಳ ಹಳೆಯ ಬೇರುಗಳಿದ್ದವು. ಜಪಾನಿನದು ಹಾಗಲ್ಲ. ದೊಡ್ಡ ಮೆರವಣಿಗೆಗಳೇ ಅಪರೂಪವಾಗಿದ್ದ ಆ ದೇಶದಲ್ಲಿ 2012ರ ವಸಂತದಿಂದ ಪ್ರತಿ ಶುಕ್ರವಾರ ಸಂಜೆ ಪ್ರಧಾನಿ ನಿವಾಸದೆದುರು ಜನ ಸೇರತೊಡಗಿದರು; ಜುಲೈ 16ರಂದು ಯೊಯೊಗಿ ಉದ್ಯಾನದಲ್ಲಿ ಸೇರಿದ್ದವರು 1,70,000 ಎಂದು ಸಂಘಟಕರು ಹೇಳಿದರು. ವಿಚಿತ್ರವೆಂದರೆ ಅದೇ ಡಿಸೆಂಬರ್‌ನ ಚುನಾವಣೆಯಲ್ಲಿ ಅಣುಶಕ್ತಿಯ ಪರವಾಗಿದ್ದ ಪಕ್ಷವೇ ಭಾರೀ ಬಹುಮತದಿಂದ ಗೆದ್ದಿತು. ಬೀದಿಯಲ್ಲಿ ಹಾಡಿದ ರಾಗ ಮತಪೆಟ್ಟಿಗೆಯಲ್ಲಿ ಕೇಳಿಸಲಿಲ್ಲ.

ಭಾರತದ ಅಧಿಕಾರಿಗಳ ಮೊದಲ ಪ್ರತಿಕ್ರಿಯೆಯನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಮೂರನೆಯ ಘಟಕ ಸ್ಫೋಟಗೊಂಡ ಮಾರ್ಚ್ 14ರಂದೇ ಮುಂಬೈಯಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರು ಅದು ಕೇವಲ ರಾಸಾಯನಿಕ ಕ್ರಿಯೆ, ಪರಮಾಣು ತುರ್ತುಸ್ಥಿತಿಯಲ್ಲ ಎಂದರು. ಅದೇ ವರ್ಷ ತಮಿಳುನಾಡಿನ ಕೂಡಂಕುಳಂ ಸ್ಥಾವರದ ಪಕ್ಕದ ಇಡಿಂತಕರೈ ಹಳ್ಳಿಯಲ್ಲಿ ಮೀನುಗಾರರು ಉಪವಾಸ ಕೂತರು. 2004ರ ಸುನಾಮಿಯನ್ನು ಕಣ್ಣಾರೆ ಕಂಡಿದ್ದ ಆ ಕರಾವಳಿಯವರಿಗೆ ಫುಕುಶಿಮಾದ ಚಿತ್ರಗಳನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅವರಿಗೆ ಸಿಕ್ಕ ಉತ್ತರವೆಂದರೆ ಸಾವಿರಾರು ಮಂದಿಯ ಮೇಲೆ ರಾಜದ್ರೋಹದ ಮೊಕದ್ದಮೆ, ಇದರ ಹಿಂದೆ ವಿದೇಶಿ ಹಣವಿದೆಯೆಂಬ ಆರೋಪ. ನಮ್ಮ ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು; ಆಗಲೂ ವಿರೋಧಿಸುವವರಿಗೆ ವಿಷಯ ಗೊತ್ತಿಲ್ಲವೆಂಬ ಮಾತು ಇದ್ದೇ ಇತ್ತು. 1994ರಲ್ಲಿ ಅಲ್ಲಿ ಕಟ್ಟುತ್ತಿದ್ದ ರಿಯಾಕ್ಟರಿನ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕಳಚಿಬಿತ್ತು.

ಈಗ ಫುಕುಶಿಮಾದ ವಿವಾದ ಸಮುದ್ರಕ್ಕೆ ಇಳಿದಿದೆ. ಕರಗಿದ ಇಂಧನವನ್ನು ತಣಿಸಿ ಕಲುಷಿತವಾದ ನೀರನ್ನು ಶುದ್ಧೀಕರಿಸಿ, ಬೇರ್ಪಡಿಸಲಾಗದ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆಯಾಗುವಷ್ಟು ತೆಳುವಾಗಿಸಿ, 2023ರ ಆಗಸ್ಟ್ 24ರಿಂದ ಪೆಸಿಫಿಕ್ ಸಾಗರಕ್ಕೆ ಬಿಡಲಾಗುತ್ತಿದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದನ್ನು ಸುರಕ್ಷತಾ ಮಾನದಂಡಗಳಿಗೆ ಅನುಗುಣವಾಗಿದೆಯೆಂದಿದೆ, ಅಂಕಿಗಳನ್ನು ನೋಡಿದರೆ ನನಗೂ ಅದು ಸರಿಯೆಂದೇ ಕಾಣುತ್ತದೆ. ಚೀನಾ ಮರುದಿನಕ್ಕೂ ಕಾಯದೆ ಜಪಾನಿನ ಮೀನಿನ ಆಮದನ್ನು ನಿಷೇಧಿಸಿದ್ದರಲ್ಲಿ ರಾಜಕೀಯವೇ ಹೆಚ್ಚು. ಆದರೆ ಫುಕುಶಿಮಾದ ಮೀನುಗಾರರ ವಿರೋಧವನ್ನು ಇದರ ಜೊತೆಗೆ ಸೇರಿಸುವಂತಿಲ್ಲ. ಸಂಬಂಧಪಟ್ಟವರು ಒಪ್ಪುವವರೆಗೆ ಆ ನೀರನ್ನು ಯಾವ ರೀತಿಯಲ್ಲೂ ವಿಲೇವಾರಿ ಮಾಡುವುದಿಲ್ಲವೆಂದು ಸರ್ಕಾರ ಮತ್ತು ಟೆಪ್ಕೊ 2015ರಲ್ಲಿ ಅವರ ಸಂಘಕ್ಕೆ ಲಿಖಿತವಾಗಿ ಮಾತು ಕೊಟ್ಟಿದ್ದವು. ನೀರು ಬಿಟ್ಟ ದಿನದಂದೂ ಮೀನುಗಾರರ ಸಂಘಗಳು ತಮ್ಮ ವಿರೋಧ ಬದಲಾಗಿಲ್ಲವೆಂದೇ ಹೇಳಿದವು. ಟ್ರಿಟಿಯಂ ಎಷ್ಟು ನಿರಪಾಯಕಾರಿ ಎಂದು ಅವರಿಗೆ ಪಾಠ ಹೇಳಲು ಹೊರಡುವವರು ಆ ಪತ್ರಕ್ಕೆ ಮೊದಲು ಉತ್ತರ ಕೊಡಬೇಕಾಗಿದೆ.