150 ಎಎಚ್ ಟ್ಯೂಬುಲರ್ ಇನ್ವರ್ಟರ್ ಬ್ಯಾಟರಿ: ಐದು ಸೆಲ್ ಎದ್ವು, ನಾಲ್ಕನೇದು ಕೈ ಕೊಡ್ತು

ಚಿಕ್ಕಪ್ಪನ ಮನೆಯ 12 ವೋಲ್ಟ್, ಆರು ಸೆಲ್‌ನ ಬ್ಯಾಟರಿ ನನ್ನ ಹತ್ರ ಬಂದಾಗ ಟರ್ಮಿನಲ್‌ನಲ್ಲಿ ಬರೀ 3.8 ವೋಲ್ಟ್. ಚಿಕ್ಕಪ್ಪ ಮೇನ್ ಆಫ್ ಮಾಡಿ ಮನೆ ಬೀಗ ಹಾಕ್ಕೊಂಡು ಮಗನ ಹತ್ರ ಹೋಗಿದ್ರು, ಇನ್ವರ್ಟರ್ ಮಾತ್ರ ಆನ್. ಅದು 10.5ರ ಹತ್ರ ಲೋಡ್ ಕಟ್ ಮಾಡಿದ್ರೂ ಒಳಗಿನ ಬೋರ್ಡು ಮಳೆಗಾಲ ಪೂರ್ತಿ ಚೂರು ಚೂರೇ ಹೀರ್ತಾ ಕೂತಿದೆ.

ಸ್ಮಾರ್ಟ್ ಚಾರ್ಜರ್ ಬ್ಯಾಟರಿನೇ ಇಲ್ಲ ಅಂತು. ಸರಿ, ಅದಕ್ಕೆ ಸ್ವಲ್ಪ ವೋಲ್ಟೇಜ್ ಕಾಣ್ಲಿ ಅಂತ ಒಳ್ಳೆ ಬ್ಯಾಟರಿಯಿಂದ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸೀರೀಸ್‌ನಲ್ಲಿಟ್ಟು ಜಂಪ್ ಕೊಟ್ಟೆ, ಬಲ್ಬ್ ಮಿಣುಕ್ಲೂ ಇಲ್ಲ, ಮೀಟರ್ ಮಾತ್ರ 12 ದಾಟ್ತು. ಇದೇ ನೋಡಿ ಮೋಸ. ಸಲ್ಫೇಟ್ (ಸೀಸ, ಆಸಿಡ್ ಸೇರಿ ಆಗೋ ಪದರ) ಕಟ್ಟಿದ ಪ್ಲೇಟ್ ಕರೆಂಟ್ ತಗೊಳ್ಳಲ್ಲ, ವೋಲ್ಟೇಜ್ ಜಿಗಿಯುತ್ತೆ, ಚಾರ್ಜರ್ ಅದನ್ನೇ ನಂಬಿ ಫುಲ್ ಅಂತ ಫ್ಲೋಟ್‌ಗೆ, ಅಂದ್ರೆ ತುಂಬಿದ್ದನ್ನ ಬರೀ ಕಾಯ್ಕೊಳ್ಳೋ ಮೋಡ್‌ಗೆ, ಹೋಗ್ಬಿಡುತ್ತೆ. ಡಿಸ್ಚಾರ್ಜ್ ಆದಾಗ ಸಲ್ಫೇಟ್ ಆಗೋದು ಮಾಮೂಲಿ, ಬೇಗ ಚಾರ್ಜ್ ಮಾಡಿದ್ರೆ ಹೋಗುತ್ತೆ, ಖಾಲಿ ಬಿಟ್ರೆ ಜೋನಿ ಬೆಲ್ಲದ ತಳದಲ್ಲಿ ಹರಳು ಕಟ್ಟುತ್ತಲ್ಲ ಹಂಗೆ ದಪ್ಪ ಆಗ್ತಾ ಹೋಗುತ್ತೆ.

ಡಿಸ್ಟಿಲ್ಡ್ ವಾಟರ್ ತರೋಕೆ ಹೋದ್ರೆ ಅಂಗಡಿಯವನು ‘ಗ್ರಾವಿಟಿ ಕಮ್ಮಿನಾ, ಆಸಿಡ್ ಹಾಕಿ ಸಾರ್’ ಅಂತ ಕ್ಯಾನ್ ಎತ್ತಿಟ್ಟ. ಗ್ರಾವಿಟಿ ಅಂದ್ರೆ ಸೆಲ್ ಒಳಗಿನ ಆಸಿಡ್ ಎಷ್ಟು ಗಟ್ಟಿ ಅನ್ನೋ ಅಳತೆ. ಆಸಿಡ್ ಎಲ್ಲೂ ಓಡಿಹೋಗಿಲ್ಲ ಮಾರಾಯ, ಸಲ್ಫೇಟ್ ಆಗಿ ಪ್ಲೇಟಲ್ಲೇ ಕೂತಿದೆ! ಗ್ರಾವಿಟಿ ಅಳೆಯೋಕೆ ಆನ್‌ಲೈನ್‌ನಲ್ಲಿ ತರಿಸಿದ ಹೈಡ್ರೋಮೀಟರ್ ಇನ್ನೊಂದು ಕಥೆ, ಒಳಗಿನ ಪೇಪರ್ ಸ್ಕೇಲೇ ಜಾರಿದೆ, 1.250 ಇರೋ ಒಳ್ಳೆ ಸೆಲ್‌ಗೆ 1.300 ತೋರ್ಸುತ್ತೆ. ವಾಪಸ್.

ಚಾರ್ಜರ್ ಬಿಟ್ಟು, ವೋಲ್ಟೇಜ್ ಕರೆಂಟ್ ನಾವೇ ಸೆಟ್ ಮಾಡೋ ಬೆಂಚ್ ಸಪ್ಲೈನ 15.5 ವೋಲ್ಟ್, 3 ಆಂಪ್ ಲಿಮಿಟ್‌ಗಿಟ್ಟು ಜಗಲಿಲಿ ಬಿಟ್ಟೆ, ಹೈಡ್ರೋಜನ್ ಬರುತ್ತಲ್ಲ, ಒಳಗೆ ಬೇಡ. ಶುರುವಲ್ಲಿ 0.2 ಆಂಪ್. ಆಮೇಲೆ ತಾನಾಗೇ ಏರ್ತಾ ಏರ್ತಾ 3 ಮುಟ್ತು, ಗ್ರಾವಿಟಿನೂ ಮೇಲೆ ಬಂತು, ನಾನು ಫುಲ್ ಖುಷಿ. ವೋಲ್ಟೇಜ್ 15 ದಾಟಿದ್ದು ನೋಡಿ ಮಲಗಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ 13! ಐದು ಸೆಲ್‌ನಲ್ಲಿ ಗುಳ್ಳೆ ಕುದೀತಿದೆ, 1.220 ಬಂದಿದೆ, ನಾಲ್ಕನೇದ್ರಲ್ಲಿ ಸದ್ದೇ ಇಲ್ಲ, 1.130. ಸಪ್ಲೈ ಬಿಚ್ಚಿ ಸಂಜೆವರೆಗೆ ಬಿಟ್ರೂ 10.6, ಸೆಲ್‌ಗೆ 2 ವೋಲ್ಟ್ ಚಿಲ್ಲರೆ ಲೆಕ್ಕದಲ್ಲಿ ಐದೇ ಸೆಲ್‌ದು, ಅಂದ್ರೆ ಒಂದು ಸೆಲ್ ಶಾರ್ಟು. ಪೂರ್ತಿ ಖಾಲಿ ಆದ ಸೆಲ್‌ನಲ್ಲಿ ಆಸಿಡ್ ಹೆಚ್ಚುಕಮ್ಮಿ ನೀರಾಗಿರುತ್ತೆ, ಅದ್ರಲ್ಲಿ ಸಲ್ಫೇಟ್ ಜಾಸ್ತಿ ಕರಗುತ್ತೆ, ಆಮೇಲೆ ಚಾರ್ಜ್ ಕೊಟ್ಟಾಗ ಸೀಸ ಸೂಜಿ ತರ ಬೆಳೆದು ಪ್ಲೇಟ್‌ಗಳ ಮಧ್ಯದ ಸೆಪರೇಟರ್ ತೂರುತ್ತೆ. ಇಲ್ಲೂ ಅದೇ ಆಗಿರೋದು ಅಂತ ನನ್ನ ಅನುಮಾನ. ಸಲ್ಫೇಟ್ ಬಿಡಿಸೋ ಡೀಸಲ್ಫೇಟರ್ ಸರ್ಕ್ಯೂಟ್ ಹಾಕಿ ಅಂತ ಯಾರೂ ಹೇಳ್ಬೇಡಿ, ಸೂಜಿ ಅದಕ್ಕೆಲ್ಲ ಬಗ್ಗಲ್ಲ.

ಇದು ಗುಜರಿಗೆ. ಮುಂದಿಂದು ಚಿಕ್ಕಪ್ಪನ ಹೊಸ ಬ್ಯಾಟರಿಗೆ ಕಟ್‌ಆಫ್ ಬೋರ್ಡ್, 11.8ಕ್ಕೆ ಲೋಡ್ ಅಷ್ಟೇ ಅಲ್ಲ ಇನ್ವರ್ಟರನ್ನೇ ಬ್ಯಾಟರಿಯಿಂದ ಬೇರೆ ಮಾಡ್ಬೇಕು. ಮಾಮೂಲಿ ರಿಲೇ ಆದ್ರೆ ಕಾಯಿಲ್ಲೇ ಕರೆಂಟ್ ತಿನ್ನುತ್ತೆ, ಒಮ್ಮೆ ಬದಲಾದ್ಮೇಲೆ ಕರೆಂಟ್ ಇಲ್ದೆ ಹಾಗೇ ನಿಲ್ಲೋ ಲ್ಯಾಚಿಂಗ್ ಕಾಂಟ್ಯಾಕ್ಟರೇ (ದೊಡ್ಡ ರಿಲೇ) ಬೇಕು, 100 ಆಂಪ್ ಡಿಸಿದು ಎಲ್ಲಿ ಸಿಗುತ್ತೆ ಗೊತ್ತಿದ್ರೆ ಹೇಳ್ರಪ್ಪ.