ತಟ್ಟಿ ತೋರಿಸಿ ಮಾರಿದ ತಿಜೋರಿ

ಮೈಸೂರಿನಲ್ಲಿ ಬೀಗ, ತಿಜೋರಿ ಮಾರುವ ಅಂಗಡಿಯೊಂದರಲ್ಲಿ 14 ವರ್ಷದಿಂದ ಇದ್ದೇನೆ. ಅರ್ಧ ದಿನ ಕೌಂಟರು. ಉಳಿದರ್ಧ ದಿನ ಕೀಲಿಕೈ ಕಳೆದುಕೊಂಡವರ ಮನೆ. ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

ರಿಟೈರ್ ಆದ ಮೇಷ್ಟ್ರೊಬ್ಬರು ಬಂದಿದ್ದರು. ಮನೆಪತ್ರ ಇಡಲು ತಿಜೋರಿ ಬೇಕು ಅಂದರು. "ಬೆಂಕಿ ಬಿದ್ರೆ ಏನೂ ಆಗಲ್ಲ ತಾನೇ?" ಅಂತ ಕೇಳಿದರು. ನಾನು ಬಾಗಿಲನ್ನು ಠಣ್ ಅಂತ ತಟ್ಟಿ, "ಎಂಥಾ ಪ್ಲೇಟು ನೋಡಿ ಸಾರ್, ಆನೆ ತುಳಿದ್ರೂ ಜಗ್ಗಲ್ಲ" ಅಂದೆ. ಅವರು ಕೇಳಿದ್ದು ಬೆಂಕಿ, ನಾನು ಹೇಳಿದ್ದು ಆನೆ. ಅಲ್ಲೇ ಕೆಟ್ಟಿತ್ತು.

ಎರಡು ವರ್ಷದ ಮೇಲೆ ಅವರಿಂದ ಫೋನು. ದೀಪದಿಂದ ಪರದೆಗೆ ಹತ್ತಿಕೊಂಡು ಒಂದು ಕೋಣೆ ಪೂರ್ತಿ ಸುಟ್ಟಿತ್ತು. ತಿಜೋರಿಯ ಬಣ್ಣ ಹೋಗಿತ್ತು ಅಷ್ಟೇ, ಬಾಗಿಲು ಸೊಟ್ಟ ಕೂಡ ಆಗಿರಲಿಲ್ಲ. ಬೀಗಕ್ಕೆ ಸ್ವಲ್ಪ ಎಣ್ಣೆ ಬಿಟ್ಟೆ, ತೆರೆಯಿತು. ಒಳಗೆ ಕ್ರಯಪತ್ರ ಸೀದ ಹಪ್ಪಳದ ಹಾಗಿತ್ತು. ಮೇಷ್ಟ್ರು ಕೈಹಾಕಿ ಎತ್ತಿದರು, ಬೆರಳಲ್ಲೇ ಪುಡಿಯಾಯಿತು. "ಬೀಗ ಮಾತ್ರ ಚೆನ್ನಾಗಿದೆ ಕಣಪ್ಪ" ಅಂದರು. ಬೈದಿದ್ದರೆ ವಾಸಿ ಇತ್ತು.

ಕಬ್ಬಿಣ ಕಳ್ಳನನ್ನು ತಡೆಯುತ್ತದೆ, ಬಿಸಿಯನ್ನು ತಡೆಯಲ್ಲ. ದಪ್ಪ ಬಾಣಲೆಯೂ ಕಾಯುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಜ್ವಾಲೆ ಒಳಗೆ ಹೋಗದಿದ್ದರೂ ಸುಮಾರು 230 ಡಿಗ್ರಿ ಸೆಲ್ಸಿಯಸ್ ಆದರೆ ಕಾಗದ ತಾನಾಗೇ ಕರಕಲಾಗುತ್ತದೆ. ಮನೆಯ ಬೀರು, ಅದರೊಳಗಿನ ಲಾಕರ್, ಎಲ್ಲದರ ಕಥೆಯೂ ಇಷ್ಟೇ.

ಬೆಂಕಿಗೆಂದೇ ಮಾಡಿದ ತಿಜೋರಿಯಲ್ಲಿ ಎರಡು ತೆಳು ತಗಡಿನ ನಡುವೆ ಕಾಂಕ್ರೀಟಿನಂಥ, ಜಿಪ್ಸಮ್‌ನಂಥ ವಸ್ತು ತುಂಬಿರುತ್ತಾರೆ. ಅದರೊಳಗೆ ನೀರಿನ ಅಂಶ ಇರುತ್ತದೆ. ಕಾದಾಗ ಆ ನೀರು ಆವಿಯಾಗಿ ಬಿಸಿಯನ್ನು ಹೀರಿಕೊಳ್ಳುತ್ತದೆ. ಬಾಗಿಲಿನ ಸಂದಿಯಲ್ಲಿರುವ ಪಟ್ಟಿ ಬಿಸಿಗೆ ಉಬ್ಬಿ ಸಂದು ಮುಚ್ಚುತ್ತದೆ. ಇದನ್ನು ತಟ್ಟಿದರೆ ಠಣ್ ಅನ್ನಲ್ಲ, ಗೋಡೆ ತಟ್ಟಿದ ಹಾಗೆ ದಪ್ ಅನ್ನುತ್ತದೆ. ಗಿರಾಕಿಗಳಿಗೆ ಈ ಸದ್ದು ಹಿಡಿಸಲ್ಲ.

ಸದ್ದು ಬಿಡಿ, ಲೇಬಲ್ ಓದಬೇಕು. ಐಎಸ್ ಅಂದರೆ ನಮ್ಮ ದೇಶದ ಗುಣಮಟ್ಟದ ನಂಬರು. ಐಎಸ್ 550 ಅಂತಿದ್ದರೆ ಅದು ಕಳ್ಳತನ ತಡೆಯುವ ಲೆಕ್ಕ. ಬೆಂಕಿ ತಡೆಯುವ ರೆಕಾರ್ಡ್ ಕಪಾಟಿಗೆ ಐಎಸ್ 14203 ಅಂತ ಬೇರೆಯೇ ಇದೆ. ಕೆಲವದರ ಮೇಲೆ ಯುಎಲ್ ಅನ್ನುವ ಅಮೆರಿಕದ ಪರೀಕ್ಷಾ ಸಂಸ್ಥೆಯ ಗುರುತು, ಕ್ಲಾಸ್ 350, ಒಂದು ಗಂಟೆ ಅಂತ ಇರುತ್ತದೆ. ಈ 350 ಲೀಟರೂ ಅಲ್ಲ, ನಿಮಿಷವೂ ಅಲ್ಲ. ಫ್ಯಾರನ್‌ಹೀಟ್. ಕುಲುಮೆಯಲ್ಲಿಟ್ಟು ಒಂದು ಗಂಟೆಯಲ್ಲಿ ಹೊರಗಿನ ಬಿಸಿ 927 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೂ ಒಳಗೆ 350 ಫ್ಯಾರನ್‌ಹೀಟ್, ಅಂದರೆ 177 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ಅರ್ಥ. ಲೇಬಲ್ ಇಲ್ಲದೆ ಬರೀ "ಫೈರ್‌ಪ್ರೂಫ್" ಅಂತ ಸ್ಟಿಕ್ಕರ್ ಇದ್ದರೆ ನಾನು ನಂಬಲ್ಲ. ಆ ಸ್ಟಿಕ್ಕರ್‌ಗಿಂತ ನನ್ನ ಆನೆಯೇ ವಾಸಿ.

ಈಗ ತಮಾಷೆ ಕೇಳಿ. 177 ಡಿಗ್ರಿಯಲ್ಲಿ ಕಾಗದ ಉಳಿಯುತ್ತದೆ. ಆದರೆ ನಾವು ಜೋಪಾನ ಅಂತ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಇಡುತ್ತೇವಲ್ಲ, ಆ ಪಾಲಿಥೀನ್ 110–130 ಡಿಗ್ರಿಗೇ ಕರಗಿ ಪತ್ರಕ್ಕೆ ಅಂಟಿಕೊಳ್ಳುತ್ತದೆ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಂತೂ 177 ಆಗಿಬರಲ್ಲ. ಅವಕ್ಕೆ ಕ್ಲಾಸ್ 125 ಬೇಕು, ಅಂದರೆ 52 ಡಿಗ್ರಿ. ಅದು ದುಬಾರಿ ಬಾಬತ್ತು. ಅದರ ಬದಲು ಇನ್ನೊಂದು ಪ್ರತಿಯನ್ನು ಅಕ್ಕನ ಮನೆಯಲ್ಲಿಡಿ ಅಂತ ಹೇಳುತ್ತೇನೆ. ಮಾಲೀಕರಿಗೆ ಈ ಮಾತು ಇಷ್ಟವಾಗಲ್ಲ.

ಹಾಗಾಗಿ ಈಗ ನಾನು ಮೊದಲು ಕೇಳುವುದು "ಒಳಗೆ ಏನಿಡ್ತೀರಿ?" ಅಂತ. ಆಧಾರ್, ಪ್ಯಾನ್ ಸುಟ್ಟರೆ ಮತ್ತೆ ತೆಗೆಸಬಹುದು. ಪಹಣಿ ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲಿ ಸಿಗುತ್ತದೆ. ರಿಜಿಸ್ಟರ್ ಆದ ಕ್ರಯಪತ್ರದ ನಕಲು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ, ಸ್ವಲ್ಪ ಓಡಾಟ. ರಿಜಿಸ್ಟರ್ ಆಗದ ಉಯಿಲು, ಪ್ರೋನೋಟು, ಹಳೇ ಫೋಟೋ ಎಲ್ಲಿಂದ ತರುತ್ತೀರಿ? ಮೇಷ್ಟ್ರಿಗೆ ಕ್ರಯಪತ್ರದ ನಕಲು ಸಿಕ್ಕಿತು. ಊರಿನಲ್ಲಿ ಸಾಲ ಕೊಟ್ಟಿದ್ದ ಪ್ರೋನೋಟು ಹೋಯಿತು. ಅದು ಸುಟ್ಟ ಸುದ್ದಿ ಸಾಲಗಾರನಿಗೇ ಮೊದಲು ಮುಟ್ಟಿತ್ತಂತೆ!

ಮನೆಗೆ ಹೋದಾಗ ಇನ್ನಷ್ಟು ಹೇಳುತ್ತೇನೆ. ಅಡುಗೆಮನೆ ಪಕ್ಕ ಬೇಡ, ಅಟ್ಟವೂ ಬೇಡ, ಬಿಸಿ ಮೇಲಕ್ಕೇ ಏರುವುದು. ನೆಲಕ್ಕೆ ಬಿಗಿಯಲು ಕಂಪನಿ ಕೊಟ್ಟ ತೂತು ಬಿಟ್ಟು ಬೇರೆ ಕೊರೆಯಬೇಡಿ, ಬಿಸಿಗೆ ದಾರಿ ಮಾಡಿಕೊಟ್ಟ ಹಾಗೆ. ಒಳಗೆ ತೇವ ಕಟ್ಟುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬಾಗಿಲು ತೆರೆದಿಡಿ. ಬೆಂಕಿ ಆರಿದ ಕೂಡಲೇ ಮಾತ್ರ ತೆರೆಯಲೇಬೇಡಿ. ಕಾದ ಕಾಗದಕ್ಕೆ ಗಾಳಿ ಸಿಕ್ಕರೆ ಭಗ್ ಅಂತ ಹತ್ತಿಕೊಳ್ಳಬಹುದು. ಪೂರ್ತಿ ತಣ್ಣಗಾಗಲಿ, ಆಮೇಲೆ ನನ್ನನ್ನು ಕರೆಯಿರಿ.

ಹೋದ ವರ್ಷ ಮೇಷ್ಟ್ರು ಮಗಳ ಜೊತೆ ಅಂಗಡಿಗೆ ಬಂದರು. ಹೊಸ ಮನೆಗೆ ಒಂದು ತಿಜೋರಿ ಬೇಕಿತ್ತು. ನಾನು ಎದ್ದು ನಿಂತೆ. ಅವರು ಕೈ ಅಡ್ಡ ಹಿಡಿದರು.

"ತಟ್ಟಿ ತೋರಿಸಬೇಡ. ಲೇಬಲ್ ಓದಿ ಹೇಳು."