‘ಆ ಪುಸ್ತಕ ಯಾರ ಹತ್ರ ಇದೆ?’

ವಿಶ್ವವಿದ್ಯಾಲಯದ ಗ್ರಂಥಾಲಯದ ಕೌಂಟರಿನಲ್ಲಿ ಕೂತ ನನಗೆ ಈ ಪ್ರಶ್ನೆ ತಪ್ಪಿದ ದಿನವಿಲ್ಲ. ಕೇಳುವವರು ಹೆಚ್ಚಾಗಿ ಪರೀಕ್ಷೆ ಹತ್ತಿರ ಬಂದ ಹುಡುಗರು. ಪುಸ್ತಕ ವಾಪಸು ಬರುವ ತಾರೀಖು ಹೇಳುತ್ತೇನೆ, ರಿಸರ್ವ್ ಮಾಡಿಕೊಡುತ್ತೇನೆ. ಹೆಸರು ಮಾತ್ರ ಹೇಳುವುದಿಲ್ಲ. “ನಮ್ಮ ಕ್ಲಾಸಿನವರೇ ಇರ್ಬೇಕು ಸಾರ್, ಹೇಳಿದ್ರೆ ಏನಾಗುತ್ತೆ?”

ಏನಾಗುತ್ತದೆ ಅಂದರೆ, ಪುಣೆಯಲ್ಲಿ ಆದದ್ದು ನನಗೆ ಇವತ್ತಿಗೂ ಮರೆತಿಲ್ಲ. 2004ರ ಜನವರಿ 5ರಂದು ಅಲ್ಲಿನ ಭಂಡಾರ್ಕರ್ ಸಂಶೋಧನಾ ಸಂಸ್ಥೆಗೆ ಗುಂಪೊಂದು ನುಗ್ಗಿ ಪುಸ್ತಕ, ಹಸ್ತಪ್ರತಿಗಳನ್ನು ಹಾಳುಗೆಡವಿತು. ಶಿವಾಜಿಯ ಬಗ್ಗೆ ಬರೆದ ಅಮೆರಿಕದ ವಿದ್ವಾಂಸರೊಬ್ಬರು ತಮ್ಮ ಪುಸ್ತಕದಲ್ಲಿ ಅಲ್ಲಿಯವರಿಗೆ ಕೃತಜ್ಞತೆ ಹೇಳಿದ್ದೇ ನೆಪ. ಸಿಟ್ಟು ಬರೆದವರ ಮೇಲೆ, ಏಟು ಬಿದ್ದದ್ದು ಅವರಿಗೆ ನೆರವಾದ ಜಾಗಕ್ಕೆ.

ಹಿಂದೆ ನಮ್ಮಲ್ಲಿ ಬ್ರೌನ್ ಪದ್ಧತಿ ಇತ್ತು. ಪುಸ್ತಕದ ಕಾರ್ಡನ್ನು ಓದುಗರ ಟಿಕೆಟ್ಟಿನ ಕಿಸೆಗೆ ಸಿಕ್ಕಿಸಿ, ತಾರೀಖಿನ ಪ್ರಕಾರ ಟ್ರೇಯಲ್ಲಿ ಜೋಡಿಸುತ್ತಿದ್ದೆವು. ಪುಸ್ತಕ ಬಂದ ಕೂಡಲೇ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗರ ಕೈಗೆ. ಯಾರು ಓದಿದರು ಎಂಬುದರ ಗುರುತೇ ಉಳಿಯುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಎಲ್ಲವೂ ಉಳಿಯತೊಡಗಿತು. ಈಗ ಬಳಸುವ ಕೋಹಾ ತಂತ್ರಾಂಶದಲ್ಲಿ, ಪುಸ್ತಕ ಹಿಂದಿರುಗಿದಾಗ ಅದನ್ನು ಒಯ್ದವರ ಹೆಸರು ದಾಖಲೆಯಿಂದ ಅಳಿಸಿಹೋಗುವ ಹಾಗೆ ಮಾಡಿಕೊಳ್ಳಬಹುದು. ಆ ಸೌಲಭ್ಯ ಇರುವ ಕಡೆಯೆಲ್ಲ ಅದನ್ನು ಬಳಸಲೇಬೇಕು ಎನ್ನುವವನು ನಾನು.

ಅಮೆರಿಕದ ಗ್ರಂಥಪಾಲಕರ ಸಂಘ ಓದುಗರ ಗುಟ್ಟು ಕಾಯುವುದನ್ನು 1939ರಲ್ಲೇ ತನ್ನ ನೀತಿಸಂಹಿತೆಗೆ ಸೇರಿಸಿತು. ನಮ್ಮ ಕಡೆ ಇದನ್ನು ಮುಚ್ಚುಮರೆ ಅಂದುಕೊಳ್ಳುವವರೇ ಜಾಸ್ತಿ. ಕೋರ್ಟಿನ ಆದೇಶ ಬಂದರೆ ಅದು ಬೇರೆ ಮಾತು. ಆದರೆ ವಾರ್ಡನ್ನಿಗೆ, ಗೈಡಿಗೆ, ಸಂಘಟನೆಯವರಿಗೆ ಪಟ್ಟಿ ಕೊಟ್ಟರೆ, ಮರುದಿನದಿಂದ ಹುಡುಗರು ಆ ಕಪಾಟಿನ ಹತ್ತಿರವೂ ಸುಳಿಯುವುದಿಲ್ಲ. ಪುಸ್ತಕ ಕಪಾಟಿನಲ್ಲಿದ್ದೂ ನಿಷೇಧವಾದ ಹಾಗೆಯೇ.

ಒಮ್ಮೆ ಒಬ್ಬ ತಂದೆ ಬಂದಿದ್ದರು. “ಮಗಳು ಏನೇನು ಓದ್ತಾಳೆ, ಒಂದು ಲಿಸ್ಟ್ ಕೊಡಿ ಸಾರ್.” ಬಸ್ಸಿಳಿದು ನೇರ ಬಂದಿದ್ದರು, ಕೈಯಲ್ಲಿ ಇನ್ನೂ ಟಿಕೆಟಿತ್ತು. ಅವರ ಆತಂಕ ಸುಳ್ಳಲ್ಲ. ನೀರು ಕೊಟ್ಟು ಕೂರಿಸಿ, “ಅವಳನ್ನೇ ಕೇಳಿ, ಯಜಮಾನ್ರೇ” ಎಂದೆ. ಬೇಜಾರಿನಿಂದಲೇ ಎದ್ದು ಹೋದರು. ವಾರದ ನಂತರ ಆಕೆ ಪುಸ್ತಕ ತಂದಳು. ಯಾವ ಪುಸ್ತಕ ಎಂದು ಇಲ್ಲೂ ಬರೆಯಲಾರೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದೆ. ಪರದೆಯ ಮೇಲಿನ ಹೆಸರು ಹೋಯಿತು.